ಸತ್ತೆಪ್ಪನ ಪೈಲವಾನ ಪರೀಕ್ಷೆಗೆ ಕೂತದ್ದು

ಸದಲಗಾದ ಹಾಲಿನ ಡೇರಿಯಲ್ಲಿ ಸತ್ತೆಪ್ಪನ ಮಾತಿಗೆ ಅಪೀಲಿಲ್ಲ. ಎಮ್ಮೆ ಯಾರದೇ ಇರಲಿ, ಮೇವು ಎಂಥದೇ ಹಾಕಿರಲಿ, ಕ್ಯಾನು ಹಿಡಿದು ಅವನ ಮುಂದೆ ಬಂದು ನಿಂತರೆ ಎಲ್ಲರೂ ಒಂದೇ. ಅವನು ಒಂದಿಷ್ಟು ಹಾಲು ತೆಗೆದು ಮಶೀನಿಗೆ ಕೊಟ್ಟು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಕೊಬ್ಬಿನಂಶ ಎಷ್ಟೆಂಬ ಫ್ಯಾಟಿನ ಅಂಕವನ್ನು ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ಏಳು ಅಂದರೆ ಎಮ್ಮೆಯ ಒಡೆಯ ಎದೆಯುಬ್ಬಿಸಿ ಮನೆಗೆ ಹೋಗುತ್ತಿದ್ದ. ನಾಲ್ಕು ಅಂದರೆ ಅಕ್ಕಪಕ್ಕದವರ ಮುಖ ನೋಡದೆ ಹೋಗುತ್ತಿದ್ದ. ಇವೆರಡಕ್ಕೂ ಮೀರಿದ ಒಂದು ಕೂಗಿತ್ತು. ಹಾಲಿಗೆ ನೀರು ಬಿದ್ದಿದೆ ಎಂದು ಅನುಮಾನ ಬಂದರೆ ಸತ್ತೆಪ್ಪ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಕಲಬೆರಕಿ!" ಎನ್ನುತ್ತಿದ್ದ. ಹಾಗೆ ಎನ್ನಿಸಿಕೊಂಡವರು ಕ್ಯಾನು ತೆಗೆದುಕೊಂಡು ಹಿಂದಿನ ಸಂದಿಯಿಂದ ಮನೆ ಸೇರುತ್ತಿದ್ದರು. ಭರಮು ಎಂಬ ಅವನ ವಾರಿಗೆಯವನಂತೂ ಆ ಸಂದಿಯಲ್ಲಿ ಎಷ್ಟು ಸಲ ಓಡಾಡಿದ್ದನೆಂದರೆ, ಅಲ್ಲಿನ ನಾಯಿಗಳು ಅವನನ್ನು ಕಂಡು ಬೊಗಳುವುದನ್ನೇ ಬಿಟ್ಟಿದ್ದವು.

ಡೇರಿಯೆಂದರೆ ಬೇರೆ ಕಟ್ಟಡವೇನಲ್ಲ, ಸತ್ತೆಪ್ಪನದೇ ಮನೆಯ ಮುಂದಿನ ಖೋಲಿ. ಹಿಂದಿನದು ಅವನೂ ಅವನ ಹೆಂಡತಿ ಸುಗಂಧಾಳೂ ಇರುವ ಮನೆ. ನಡುವೆ ಒಂದು ಬಾಗಿಲು. ಆ ಬಾಗಿಲು ದಾಟಿ ಒಳಗೆ ಹೋದರೆ ಎದುರಿಗೇ ದೇವರ ಜಗಲಿ. ಟಾಕು ಎಂಬ ಬೆಳ್ಳಿಯ ಪುಟ್ಟ ತಗಡುಗಳಲ್ಲಿ ಮನೆಯ ಹಿರಿಯರು ಸಾಲಾಗಿ ನಿಂತಿದ್ದರು, ಅವರ ಪಕ್ಕ ಹಾಲಸಿದ್ಧನಾಥನ ಫೋಟೋ, ಫೋಟೋದ ಪಕ್ಕ ಗೇಣುದ್ದದ ಒಬ್ಬ ಪ್ಲಾಸ್ಟಿಕ್ ಪೈಲವಾನ. ಕೆಂಪು ಲಂಗೋಟಿ, ದಪ್ಪ ಮೀಸೆ, ಎಡಗೈಯಲ್ಲಿ ಗದೆ. ಹೊಸಬರು ಬಂದವರು ಮೊದಲು ಹಾಲಸಿದ್ಧನಿಗೆ ಕೈಮುಗಿದು, ಆಮೇಲೆ ಪೈಲವಾನನನ್ನು ಕಂಡು, ಯಾವುದಕ್ಕೂ ಇರಲಿ ಎಂದು ಅವನಿಗೂ ಮುಗಿಯುತ್ತಿದ್ದರು.

ಪೈಲವಾನ ಇವರ ಮಗಳು ಮಾಯಾಳದು. ಇಚಲಕರಂಜಿಯ ಸಂತೆಯಲ್ಲಿ ಜರಿಯಂಗಿ ತೊಟ್ಟ ಗೊಂಬೆಗಳು ಸಾಲುಗಟ್ಟಿ ಕೂತಿರುವಾಗ, ಆ ಹುಡುಗಿ ಹಳೇ ಸಾಮಾನಿನವನ ಹತ್ತಿರ ಇದ್ದ ಈ ಗಂಡಾಳನ್ನು ತೋರಿಸಿ, ಕೊಡಿಸುವ ತನಕ ರಸ್ತೆಯ ಮಧ್ಯೆ ಕೂತಿದ್ದಳು. ಎತ್ತಿನಗಾಡಿಗಳು ಸುತ್ತು ಹಾಕಿಕೊಂಡು ಹೋಗಿದ್ದವು. ಮನೆಗೆ ತಂದ ಮೇಲೆ ಅವನ ಜೊತೆಗೇ ಊಟ, ಅವನ ಜೊತೆಗೇ ನಿದ್ದೆ. ಸಿಟ್ಟು ಬಂದಾಗ ಅವನ ಬಲಹೆಗಲನ್ನು ಕಚ್ಚುತ್ತಿದ್ದಳು. ಒಂದನೆಯ ಇಯತ್ತೆಗೆ ಸೇರಿದ ವರ್ಷವೇ ಮಳೆಗಾಲದಲ್ಲಿ ಜ್ವರ ಬಂದು ಹುಡುಗಿ ಹೋಗಿಬಿಟ್ಟಿತು. ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು. ಅವರಿಗೆ ಮತ್ತೆ ಮಕ್ಕಳಾಗಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಸುಗಂಧಾ ಪೈಲವಾನನನ್ನು ತೊಳೆದು ಜಗಲಿಯ ಮೇಲಿಟ್ಟಳು. ಹಿರಿಯರ ಸಾಲಿನಲ್ಲಿ ಆಟಿಕೆ ಇಡುವುದು ಎಲ್ಲಿಯ ಪದ್ಧತಿ ಎಂದು ಭಾವಂದಿರು ಕೇಳಿದರು. ಅವಳು ತೆಗೆಯಲಿಲ್ಲ. ಅವತ್ತಿನಿಂದ ದಿನಾ ಬೆಳಿಗ್ಗೆ ಟಾಕುಗಳಿಗೆ ಭಂಡಾರ ಹಚ್ಚಿದ ಕೈಯಿಂದಲೇ ಪೈಲವಾನನ ಬಲಹೆಗಲಿಗೂ ಹಚ್ಚುತ್ತಾಳೆ. ಮಗಳ ಹಲ್ಲಿನಿಂದ ಮೂಡಿದ ಕುಳಿಗಳಲ್ಲಿ ಹೆಬ್ಬೆರಳನ್ನಿಟ್ಟು ಅರಿಷಿಣವನ್ನು ಒತ್ತುತ್ತಾಳೆ. ಸತ್ತೆಪ್ಪ ಇದನ್ನು ನೋಡಿಯೂ ನೋಡದವನ ಹಾಗೆ ಡೇರಿಗೆ ಹೋಗುತ್ತಾನೆ. ಫ್ಯಾಟಿನ ವಿಷಯದಲ್ಲಿ ತಾಸುಗಟ್ಟಲೆ ಮಾತಾಡುವ ಮನುಷ್ಯ ಮಗಳ ಹೆಸರನ್ನು ಮಾತ್ರ ಒಮ್ಮೆಯೂ ಎತ್ತಿದ್ದಿಲ್ಲ. ಬೇರೆ ಯಾರಾದರೂ ಎತ್ತಿದರೆ ಎದ್ದು ಹೋಗಿ ಮಶೀನು ಒರೆಸುತ್ತಿದ್ದ. ಓಣಿಯವರು, ಈತ ಮರೆತೇಬಿಟ್ಟಿದ್ದಾನೆ ಎಂದುಕೊಂಡಿದ್ದರು.

ಹೀಗಿರುವಾಗ ನಿಪ್ಪಾಣಿಯಿಂದ ರೂಪೇಶ ಬಂದ. ಸುಗಂಧಾಳ ಅಣ್ಣನ ಮಗ, ಮೊಬೈಲ್ ಅಂಗಡಿಯ ಮಾಲೀಕ, ಎರಡು ಮಕ್ಕಳ ತಂದೆ. ಜಗತ್ತಿನಲ್ಲಿ ಅವನಿಗೆ ಗೊತ್ತಿಲ್ಲದ ವಿಷಯ ಇರಲಿಲ್ಲ. ಎಲ್ಲವೂ ಅರ್ಧ ಗೊತ್ತಿದ್ದವು. ಜಗಲಿಗೆ ಕೈಮುಗಿಯಲು ಬಗ್ಗಿದವನು ಬಗ್ಗಿದಲ್ಲೇ ನಿಂತ.

"ಮಾಮಾ, ಈ ಪೈಲವಾನ ಯಾರಂತ ಗೊತ್ತೈತೇನು ನಿಮಗ?"

"ಯಾರು?" ಸತ್ತೆಪ್ಪ ಗಾಬರಿಯಾದ.

"ಮುಂಬೈದಾಗ ಒಂದ ಕಂಪನಿ ಇತ್ತರಿ, ಯಾವಾಗೋ ಮುಚ್ಚಿ ಹೋಗೇತಿ. ಅವರು ಇಂಥಾವು ಭಾಳ ಕಮ್ಮಿ ಮಾಡ್ಯಾರ. ಹಳೇ ಆಟಿಗಿ ಕೂಡಿಸೋ ಮಂದಿ ಈ ಮನಶ್ಯಾನ್ನ ಹುಡುಕಾಕತ್ತಾರ. ಪುಣೇದಾಗ ಇದಕ್ಕಂತ ಒಂದ ಆಫೀಸ ಐತಿ. ನಾವು ಕಳಸಿದ್ರ ಅವರು ತಪಾಸ ಮಾಡಿ ಹತ್ತಕ್ಕ ಇಷ್ಟು ಅಂತ ಅಂಕ ಹಾಕ್ತಾರ."

ರೂಪೇಶ ಮೊಬೈಲಿನಲ್ಲಿ ವಿಡಿಯೋ ಹಚ್ಚಿ ತೋರಿಸಿದ. ಬಿಳಿ ಕೈಗವಸು ತೊಟ್ಟವನೊಬ್ಬ ಚಿಕ್ಕ ಸಿಪಾಯಿ ಗೊಂಬೆಯನ್ನು ದೀಪದ ಕೆಳಗೆ ಹಿಡಿದು, ಭೂತಗನ್ನಡಿಯಿಂದ ಬೂಟು, ಟೊಪ್ಪಿಗೆ, ಬಂದೂಕು ಎಲ್ಲವನ್ನೂ ನೋಡಿ, ಕೊನೆಗೆ ಒಂದು ಅಂಕ ಬರೆದ. ಸತ್ತೆಪ್ಪನಿಗೆ ಅಂಥ ವಿಡಿಯೋ ಇದೇ ಮೊದಲು. ಆ ಮನುಷ್ಯ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದ ರೀತಿ ಅವನಿಗೆ ಬಹಳ ಹಿಡಿಸಿತು.

"ನಮ್ಮ ಲೈನಿನವನ ಅದಾನ," ಎಂದ. ಮೊಬೈಲು ವಾಪಸು ಕೊಡುತ್ತ, "ನಮ್ಮದಕ್ಕ ಎಷ್ಟ ಬರಬೋದೋ?" ಎಂದು ಕೇಳಿದ.

"ನಸೀಬ ಇದ್ರ ಹತ್ತಕ್ಕ ಹತ್ತು ಮಾಮಾ."

ಸತ್ತೆಪ್ಪ ಜಗಲಿಯ ಕಡೆ ನೋಡಿದ. ಆಮೇಲೆ, "ಮಾರಾಕಂತೂ ಅಲ್ಲ ಮತ್ತ," ಎಂದ.

"ಮಾರೂ ಮಾತೇ ಇಲ್ಲ. ಅಂಕ ಹಾಕಿ, ಗಟ್ಟಿ ಡಬ್ಬಿದಾಗ ಸೀಲ ಮಾಡಿ ವಾಪಸ ಕಳಸ್ತಾರ. ಹೊರಗಿಂದ ಎಲ್ಲಾ ಕಾಣತೈತಿ. ಧೂಳ ಹೋಗಂಗಿಲ್ಲ, ಇರುವಿ ಹೋಗಂಗಿಲ್ಲ. ನೂರು ವರ್ಷ ಇದ್ದಂಗ ಇರತೈತಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಗಂಧಾ ಒಂದೇ ಮಾತು ಕೇಳಿದಳು. "ಮುಟ್ಟಾಕ ಬರತೈತೇನು?"

ರೂಪೇಶ ಬಾಯಿ ತೆರೆಯುವುದರೊಳಗೆ ಸತ್ತೆಪ್ಪ, "ಬರತೈತಿ, ಬರತೈತಿ. ಯಾಕ ಬರಂಗಿಲ್ಲ?" ಎಂದುಬಿಟ್ಟ. ಗೊತ್ತಿಲ್ಲದ ವಿಷಯದಲ್ಲಿ ಅವನಿಗೆ ಯಾವಾಗಲೂ ಧೈರ್ಯ ಜಾಸ್ತಿ.

"ಹಂಗಾದ್ರ ಕಳಸ್ರಿ. ಅದರ ಕೈ ಬ್ಯಾರೆ ಸಡ್ಲ ಆಗೇತಿ, ಒಂದಿನ ಉಚ್ಚಿ ಬೀಳತೈತಿ ಅಂತ ನನಗ ಅಂಜಿಕಿ," ಎಂದಳು ಸುಗಂಧಾ. "ಜಲ್ದಿ ಬರಬೇಕ ನೋಡ್ರಿ ಮತ್ತ."

ಮರುದಿನ ಬೆಳಿಗ್ಗೆ ಡೇರಿಯ ಮುಂದೆ ಇದೇ ಚರ್ಚೆ. ಪಕ್ಕದ ಮನೆಯ ಜನಾಬಾಯಿ, ಮೂರು ಎಮ್ಮೆಗಳ ಒಡತಿ, ಕ್ಯಾನನ್ನು ಸೊಂಟದಿಂದ ಇಳಿಸುವುದನ್ನೂ ಮರೆತು ನಿಂತಳು.

"ಅಗ ಬಾಯಿ! ಆಟಿಗಿಗಿ ಮಾರ್ಕ ಹಾಕ್ತಾರ? ಏನ ಓದಿತ್ತೋ ಅದು?"

"ಅದರ ಸ್ಥಿತಿ ನೋಡ್ತಾರ ಆಯಿ. ಬಣ್ಣ, ಕೀಲು, ಅಂಗಾಂಗ ಎಲ್ಲಾ. ಅಸಲಿ ಐತೋ ನಕಲಿ ಐತೋ ಅಂತ ನೋಡ್ತಾರ," ಎಂದು ಸತ್ತೆಪ್ಪ ಗಂಭೀರವಾಗಿ ವಿವರಿಸಿದ.

ಭರಮು ಮುಂದೆ ಬಂದ. "ಆಟಿಗಿ ಅಂದ್ರ ಆಡಾಕ ತಂದದ್ದೋ ಸತ್ತ್ಯಾ. ಅದು ಮುರೀಬೇಕು, ಮಣ್ಣಾಗ ಬೀಳಬೇಕು, ಹುಡುಗೂರು ಜಗ್ಯಾಡಬೇಕು. ಡಬ್ಬಿದಾಗ ಹಾಕಿ ಬೀಗ ಜಡದ್ರ ಅದು ಆಟಿಗಿ ಹ್ಯಾಂಗ ಆದೀತು? ಅವನ್ಯಾರೋ ಪುಣೇದಾಂವ, ನಮ್ಮೂರಾಗ ಯಾರ ಆಡಿದ್ರು ಅಂತ ಅವಗೇನ ಗೊತ್ತು? ಅಂಕ ಹಾಕಾಕ ಅಂವ ಯಾರು?"

"ನಿನ್ನ ಎಮ್ಮಿ ಏನ ತಿಂತೈತಿ ಅಂತ ನನಗೂ ಗೊತ್ತಿಲ್ಲ. ನಾ ಹಾಕಂಗಿಲ್ಲೇನು?"

"ಹಾಕ್ತಿ. ನಂದಕ್ಕ ನಾಕು ಅಂತಿ, ಜನಾಬಾಯಿದಕ್ಕ ಏಳು ಅಂತಿ. ಆಮ್ಯಾಲ ಎರಡೂ ತಂದ ಒಂದ ಕ್ಯಾನಿಗಿ ಸುರೂತಿ. ಹಂಗಾದ್ರ ಅಂಕ ಯಾಕ ಬೇಕಿತ್ತೋ?"

ಇಷ್ಟು ವರ್ಷದ ನೌಕರಿಯಲ್ಲಿ ಸತ್ತೆಪ್ಪನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಅದು ಸಿಸ್ಟಮ್ಮು," ಎಂದು ಹೇಳಿ ಮಶೀನು ಒರೆಸಿದ.

ಹಾಲಿನ ಸಂಘದ ಚೇರಮನ್ ಸಂಭಾಜಿ ಅಲ್ಲೇ ಇದ್ದವರು ನಡುವೆ ಬಂದರು. ತಜ್ಞರು ಅಂಕ ಹಾಕದಿದ್ದರೆ ಲೋಕದಲ್ಲಿ ಎಲ್ಲವೂ ಬಾಯಿಮಾತಾಗುತ್ತದೆ, ಬಾಯಿಮಾತಿನಿಂದ ಯಾವ ಸಂಘವೂ ನಡೆದಿಲ್ಲ ಎಂದು ಅವರ ವಾದ. ಸಂಜೆಯ ಹೊತ್ತಿಗೆ ಊರಲ್ಲಿ ಎರಡು ಪಕ್ಷಗಳಾದವು. ಆಟಿಕೆಗೆ ಅಂಕ ಹಾಕಬೇಕು ಎನ್ನುವವರು ಒಂದು ಕಡೆ, ಹಾಕಬಾರದು ಎನ್ನುವವರು ಇನ್ನೊಂದು ಕಡೆ. ಲಕ್ಷ್ಯಕೊಟ್ಟು ನೋಡಿದರೆ, ಅವತ್ತು ಬೆಳಿಗ್ಗೆ ಒಳ್ಳೆಯ ಫ್ಯಾಟು ಬಂದವರೆಲ್ಲ ಹಾಕಬೇಕು ಎನ್ನುತ್ತಿದ್ದರು.

ಸತ್ತೆಪ್ಪನ ತಲೆಯಲ್ಲಿ ಮಾತ್ರ ಹತ್ತಕ್ಕೆ ಹತ್ತು ಕೂತುಬಿಟ್ಟಿತ್ತು. ಹಾಲಿನ ಪರೀಕ್ಷೆಯ ಮೊದಲ ಪಾಠ ಏನು? ಭಾಂಡೆ ಸ್ವಚ್ಛವಿರಬೇಕು. ಹೊರಗಿನದೇನೂ ಒಳಗೆ ಇರಬಾರದು. ಕ್ಯಾನಿನ ತಳದಲ್ಲಿ ಒಂದು ಕಡ್ಡಿಯಿದ್ದರೂ ಅಂಕ ಕೆಡುತ್ತದೆ. ಸುಗಂಧಾ ತವರಿನ ಕಡೆಯವರ ಮದುವೆಗೆಂದು ರಾಯಬಾಗಕ್ಕೆ ಹೋದ ದಿನ, ಅವನು ಪೈಲವಾನನನ್ನು ಜಗಲಿಯಿಂದ ಇಳಿಸಿ ಡೇರಿಗೆ ತಂದು, ಮೇಜಿನ ಮೇಲೆ ನಿಲ್ಲಿಸಿ, ಕನ್ನಡಕ ಇಳಿಸಿ ನೋಡಿದ. ಪರಿಸ್ಥಿತಿ ಚಿಂತಾಜನಕವಾಗಿತ್ತು. ಮೈತುಂಬ ಅರಿಷಿಣ. ಮೀಸೆಯಲ್ಲಿ ಕುಂಕುಮ. ಕಂಕುಳಲ್ಲಿ ಊದಿನಕಡ್ಡಿಯ ಬೂದಿ. ಬಲಹೆಗಲಿನಲ್ಲಿ ತೂತುಗಳು. ಇಂಥ ಹಾಲನ್ನು ಯಾರಾದರೂ ತಂದಿದ್ದರೆ ಅವನು ಎದ್ದು ನಿಂತು ಕೂಗುತ್ತಿದ್ದ.

ಬಿಸಿನೀರಿಗೆ ಸೋಡಾ ಹಾಕಿದ. ಹಾಲಿನ ಶೀಷೆ ತೊಳೆಯುವ ಬ್ರಶ್ಶಿನಿಂದ ಪೈಲವಾನನನ್ನು ತಿಕ್ಕಿದ. ಎಷ್ಟೋ ವರ್ಷದ ಅರಿಷಿಣ ನೀರಿಗಿಳಿದು, ಅದರ ಜೊತೆ ಅರ್ಧ ಮೀಸೆಯೂ ಇಳಿಯಿತು. ಆಮೇಲೆ ಬಜಾರಿಗೆ ಹೋಗಿ, ಪೈಪಿನ ಬಿರುಕಿಗೆ ತುಂಬುವ ಲಪ್ಪವನ್ನು ತಂದ. ತುಂಬುವ ಜಾಗವನ್ನು ಮೊದಲು ಮರಳುಕಾಗದದಿಂದ ಚೆನ್ನಾಗಿ ತಿಕ್ಕಬೇಕು, ಇಲ್ಲದಿದ್ದರೆ ಹಿಡಿಯುವುದಿಲ್ಲ ಎಂದು ಅಂಗಡಿಯವನು ಹೇಳಿದ್ದ. ಸತ್ತೆಪ್ಪ ಮರಳುಕಾಗದವನ್ನು ಹೆಗಲ ಮೇಲಿಟ್ಟ. ಅಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಹಲ್ಲಿನ ಗುರುತುಗಳು. ಅವನ ಕೈ ನಿಂತಿತು. ಆದರೆ ಹತ್ತಕ್ಕೆ ಹತ್ತು ಬರಬೇಕಾದರೆ ತೂತಿರಬಾರದು. ಕಣ್ಣು ಬೇರೆ ಕಡೆ ತಿರುಗಿಸಿ ತಿಕ್ಕಿದ. ಹೆಗಲು ನುಣ್ಣಗಾಗುವವರೆಗೂ ತಿಕ್ಕಿದ. ಲಪ್ಪ ತುಂಬಿದ ಮೇಲೆ ಬಣ್ಣದ ಪ್ರಶ್ನೆ ಬಂತು. ಮನೆಯಲ್ಲಿದ್ದದ್ದು ಕಾರಹುಣ್ಣಿಮೆಗೆ ಜನಾಬಾಯಿಯ ಎತ್ತಿನ ಕೋಡಿಗೆ ಬಳಿದು ಉಳಿದ ಬಣ್ಣ ಒಂದೇ. ಅದನ್ನೇ ಬಳಿದ. ಮೀಸೆಗೆ ಸುಗಂಧಾಳ ಕಾಡಿಗೆ ಸಾಕಾಯಿತು.

ಸುಗಂಧಾ ಬರುವುದರೊಳಗೆ ಪಾರ್ಸಲು ನಿಪ್ಪಾಣಿ ದಾಟಿತ್ತು.

ಮುಂದಿನ ದಿನಗಳ ಕಥೆಯನ್ನು ಹೇಳುವುದೇ ಬೇಡ. ಭರಮು ಸುಮ್ಮನೆ ಕೂಡುವ ಆಸಾಮಿಯಲ್ಲ. "ಅದು ಬರೇ ಪೈಲವಾನ ಅಲ್ರೋ, ಅವರ ಜಗಲಿ ಮ್ಯಾಲಿನ ದೇವರು. ದೇವರನ್ನ ಪುಣೇಕ ಪರೀಕ್ಷಾಕ್ಕ ಕುಂಡ್ರಿಸ್ಯಾನ," ಎಂದು ಚಹದಂಗಡಿಯಲ್ಲಿ ಹೇಳಿದ. ಈ ಸುದ್ದಿ ಚಿಕ್ಕೋಡಿಯ ಬಸ್ಸು ಹತ್ತಿ ಕಾಗವಾಡ ಮುಟ್ಟಿ ಅಥಣಿಗೆ ಹೋಗುವಷ್ಟರಲ್ಲಿ ಇನ್ನೂ ಬೆಳೆದಿತ್ತು. ಅಥಣಿಯಿಂದ ಸುಗಂಧಾಳ ಅಕ್ಕ ಕಸ್ತೂರೆವ್ವ ಅಳುತ್ತ ಫೋನು ಮಾಡಿದಳು. "ಸುಗಂಧಾ, ನಿಮ್ಮ ಮನಿ ದೇವರು ನಪಾಸ ಆಗ್ಯಾನಂತ ಖರೇ ಏನ? ಮತ್ತೊಮ್ಮೆ ಕುಂಡ್ರಸಾಕ ಬರತೈತಂತೇನು?"

ಇತ್ತ ಡೇರಿಯಲ್ಲಿ ಬೇರೆಯೇ ತೊಂದರೆ. ಅಂಕ ಹಾಕಿಸುವ ದಾರಿ ಸತ್ತೆಪ್ಪನಿಗೆ ಗೊತ್ತಿದೆ ಎಂದು ತಿಳಿದ ಮಂದಿ ಹಾಲಿನ ಜೊತೆಗೆ ಹಳೇ ಸಾಮಾನು ತರತೊಡಗಿದರು. ಜನಾಬಾಯಿ ಅತ್ತೆಯ ಕಾಲದ ಅಡಕೊತ್ತು ತಂದು, "ಇದಕ್ಕೂ ಒಂದ ನಂಬರ ಹಚ್ಚು ತಮ್ಮಾ. ನಮ್ಮ ಅತ್ತಿಗಂತೂ ಯಾರೂ ಹಚ್ಚಲಿಲ್ಲ," ಎಂದಳು. ಇನ್ನೊಬ್ಬರು ಗಂಟೆ ಹೊಡೆಯದ ಗಡಿಯಾರ ತಂದರು. ಸತ್ತೆಪ್ಪ ಪ್ರತಿಯೊಂದನ್ನೂ ಕನ್ನಡಕ ಇಳಿಸಿ ನೋಡಿ, "ಭಾಳ ಹೊಲಸಾಗೇತಿ. ಮೊದಲ ತೊಳೀರಿ," ಎಂದು ಸಲಹೆ ಕೊಟ್ಟು ಕಳಿಸುತ್ತಿದ್ದ. ಸದಲಗಾದ ಎಷ್ಟು ಮನೆಗಳಲ್ಲಿ ಎಷ್ಟು ಹಳೆಯ ವಸ್ತುಗಳು ಆ ವಾರ ಸೋಡಾ ನೀರಿನಲ್ಲಿ ಮುಳುಗಿದವೋ ದೇವರೇ ಬಲ್ಲ.

ಸುಗಂಧಾ ಮಾತ್ರ ದಿನಾ ಬೆಳಿಗ್ಗೆ ಟಾಕುಗಳಿಗೆ ಭಂಡಾರ ಹಚ್ಚಿ, ಪೈಲವಾನ ನಿಲ್ಲುತ್ತಿದ್ದ ಖಾಲಿ ಜಾಗಕ್ಕೂ ಒಂದು ಚಿಟಿಕೆ ಇಡುತ್ತಿದ್ದಳು. "ಇನ್ನೂ ಬರಲಿಲ್ಲೇನ್ರಿ?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದಳು, ಅಷ್ಟೇ. ಆ ಪ್ರಶ್ನೆ ಕೇಳಿದಾಗೆಲ್ಲ ಸತ್ತೆಪ್ಪ ಎದ್ದು ಡೇರಿಗೆ ಹೋಗುತ್ತಿದ್ದ. ಅಂಕ ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಪಾರ್ಸಲು ಬಂತು. ಸಂಭಾಜಿಯವರಿಗೆ ಸುದ್ದಿ ಮುಟ್ಟಿದ್ದೇ ತಡ, ಸಂಜೆಯ ಹಾಲಿನ ಹೊತ್ತಿಗೆ ಒಂದು ಸಣ್ಣ ಸಮಾರಂಭ ಇಟ್ಟುಬಿಟ್ಟರು. ಡೇರಿಯ ಮೇಜಿಗೆ ಬಿಳಿ ಬಟ್ಟೆ ಹಾಸಿದರು. ಹಾರ ಬಂತು. ಪೇಡೆ ಬಂತು. ಮಂದಿ ಹಾಲಿನ ಕ್ಯಾನು ಕಾಲ ಹತ್ತಿರ ಇಟ್ಟುಕೊಂಡು ಸುತ್ತ ನಿಂತರು. ಪಾರ್ಸಲು ಇನ್ನೂ ಒಡೆದಿರಲಿಲ್ಲ, ಸಂಭಾಜಿಯವರ ಭಾಷಣ ಶುರುವಾಗಿತ್ತು.

"ನಮ್ಮ ಸಂಘದ ಟೆಸ್ಟರರು ಬರೇ ಹಾಲಿನ ತಜ್ಞರಲ್ಲ. ಅವರ ಮನಿ ಪೈಲವಾನ ಇವತ್ತ ಪುಣೇದಾಗ ಹೆಸರ ಮಾಡಿ, ಊರಿನ ಮಾನಾ ಹೆಚ್ಚಿಸಿ ಬಂದಾನ…"

"ಮೊದಲ ಒಡೀರಿ ಚೇರಮನ್ರ, ಆಮ್ಯಾಲ ಹೆಚ್ಚಸೂಣು," ಎಂದ ಭರಮು.

ರೂಪೇಶ ಇದಕ್ಕೆಂದೇ ನಿಪ್ಪಾಣಿಯಿಂದ ಬಂದಿದ್ದ. ಪಟ್ಟಿ ಕತ್ತರಿಸಿ, ಒಳಗಿನ ಬಿಳಿ ಥರ್ಮೋಕೋಲ್ ತೆಗೆದು, ದಪ್ಪನೆಯ ಪಾರದರ್ಶಕ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಒಳಗೆ ಪೈಲವಾನ ನಿಂತಿದ್ದ. ಕಾಡಿಗೆಯ ಮೀಸೆ ದಾರಿಯಲ್ಲಿ ಕರಗಿ ಗಲ್ಲಕ್ಕೆ ಹತ್ತಿತ್ತು. ಬಲಹೆಗಲು ಎತ್ತಿನ ಕೋಡಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ಮಂದಿ ಚಪ್ಪಾಳೆ ಹೊಡೆದರು. ಸುಗಂಧಾ ನಡುಬಾಗಿಲಲ್ಲಿ ಬಂದು ನಿಂತಳು. ಅವಳು ಡಬ್ಬಿಯನ್ನು ನೋಡಿ, ಆಮೇಲೆ ಗಂಡನನ್ನು ನೋಡಿದಳು.

ಡಬ್ಬಿಯ ಮೇಲಿನ ಚೀಟಿಯಲ್ಲಿ ಅಂಕ ಇರಬೇಕಾದ ಜಾಗದಲ್ಲಿ ಒಂದು ಅಡ್ಡಗೆರೆ. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು. ರೂಪೇಶ ಓದಿ, ಚೀಟಿಗೆ ಕೈ ಅಡ್ಡ ಹಿಡಿದ.

"ಓದೋ," ಎಂದ ಸತ್ತೆಪ್ಪ.

"ಒಳಗ ಹೋಗಿ ಓದೂಣು ಮಾಮಾ."

"ಇಲ್ಲೇ ಓದು. ಎಲ್ಲಾರೂ ಕೇಳ್ಲಿ."

"ಅಂಕ ಇಲ್ಲ," ರೂಪೇಶ ನೆಲ ನೋಡುತ್ತ ಹೇಳಿದ. "ಉಜ್ಜ್ಯಾರ, ತುಂಬ್ಯಾರ, ಮ್ಯಾಲ ಬಣ್ಣಾ ಹಚ್ಚ್ಯಾರ, ಅದಕ್ಕ ಅಂಕ ಕೊಡಾಕ ಬರಂಗಿಲ್ಲ ಅಂತ ಬರದಾರ."

ಭರಮು ನಿಧಾನವಾಗಿ ಮುಂದೆ ಬಂದ. ಗಂಟಲು ಸರಿಮಾಡಿಕೊಂಡ. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ.

"ಕಲಬೆರಕಿ!"

ಡೇರಿ ನಕ್ಕಿತು. ಹಾರ ಹಿಡಿದವನು ನಕ್ಕ, ಪೇಡೆ ಹಿಡಿದವನು ನಕ್ಕ. ಜನಾಬಾಯಿ ಸೆರಗನ್ನು ಬಾಯಿಗಿಟ್ಟುಕೊಂಡು ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು. ಸಂಭಾಜಿಯವರು ಕೂಡ ಕೆಮ್ಮುವ ನೆವದಲ್ಲಿ ಆಚೆ ತಿರುಗಿದರು. ಸತ್ತೆಪ್ಪ ಕೆಂಪಗಾದ ಮುಖದಿಂದ, "ಅವರ ಮಶೀನ ತಪ್ಪಿರಬೇಕು," ಎಂದ. ಇಷ್ಟು ವರ್ಷ ಎಲ್ಲರೂ ಅವನ ಮುಂದೆ ಹೇಳುತ್ತ ಬಂದ ಮಾತದು. ನಗು ಇನ್ನಷ್ಟು ಜೋರಾಯಿತು.

"ಫೋನ ಹಚ್ಚೋ ರೂಪೇಶ! ನಾ ಮಾತಾಡ್ತೀನಿ!"

ಫೋನು ಹತ್ತಿತು. ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು. ಆ ಕಡೆ ಸರಿತಾ ಎಂಬ ಮೇಡಮ್ಮು, ಪೈಲವಾನನನ್ನು ತಪಾಸ ಮಾಡಿದವರು. ಅವರು ಮರಾಠಿಯಲ್ಲಿ ಮಾತಾಡಿದರು, ಸದಲಗಾದವರಿಗೆ ಅದೇನು ಕಷ್ಟವಲ್ಲ. ಸತ್ತೆಪ್ಪನೂ ಜಗಳಕ್ಕೆ ಮರಾಠಿಯೇ ಇರಲಿ ಎಂದು ಅದರಲ್ಲೇ ಶುರುಮಾಡಿದ.

"ಇಷ್ಟು ಸ್ವಚ್ಛ ಮಾಡಿ ಕಳಿಸಿದರೆ ಅಂಕವೇ ಇಲ್ಲವೆಂದರೆ ಏನರ್ಥ ಮೇಡಮ್?"

"ಸ್ವಚ್ಛ ಮಾಡಿದ್ದಕ್ಕೇ ಇಲ್ಲ ಕಾಕಾ," ಎಂದರು ಆಕೆ. ದನಿ ಮೆತ್ತಗಿತ್ತು. "ಇದ್ದ ಹಾಗೇ ಕಳಿಸಿದ್ದರೆ ನಾಲ್ಕೋ ಐದೋ ಕೊಡುತ್ತಿದ್ದೆವು. ಆಡಿದ ಆಟಿಕೆಯಲ್ಲಿ ಗುರುತುಗಳು ಇದ್ದೇ ಇರುತ್ತವೆ. ಅದಕ್ಕೆ ಅಂಕ ಕಡಿಮೆಯಾದೀತು, ಆದರೆ ಅದು ಆ ಆಟಿಕೆಯ ಸ್ವಂತದ್ದು. ಈಗ ಇದರಲ್ಲಿ ಅದೇ ಇಲ್ಲ. ಬಲಹೆಗಲಿನಲ್ಲಿ ಏನನ್ನೋ ಉಜ್ಜಿ ತೆಗೆದಿದ್ದೀರಿ. ಅಲ್ಲಿ ಏನಿತ್ತು?"

"ಹಲ್ಲಿನ ಗುರುತು," ಎಂದ ಸತ್ತೆಪ್ಪ.

"ಯಾರ ಹಲ್ಲು ಕಾಕಾ?"

ಸತ್ತೆಪ್ಪ ಬಾಯಿ ತೆರೆದ. ಬಟ್ಟೆ ತೆಗೆದುಕೊಂಡು ಮಶೀನು ಒರೆಸತೊಡಗಿದ. ಜನಾಬಾಯಿ ಬಾಯಿಂದ ಸೆರಗು ತೆಗೆದಳು. ಆ ಹುಡುಗಿ ಇವಳ ಮನೆಯ ಕಟ್ಟೆಯ ಮೇಲೇ ಆಡಿ ಬೆಳೆದವಳು. ಭರಮುವಿನ ಮುಖದ ಮೇಲಿನ ನಗು ಅಲ್ಲೇ ನಿಂತು, ಆಮೇಲೆ ಇಳಿದುಹೋಯಿತು. ಫೋನಿನಲ್ಲಿ ಆಕೆ, "ಹಲೋ? ಕಾಕಾ?" ಎನ್ನುತ್ತಲೇ ಇದ್ದರು. ರೂಪೇಶ ಫೋನು ಬಂದ್ ಮಾಡಿದ.

ಸುಗಂಧಾ ಬಂದು ಮೇಜಿನ ಮೇಲಿನ ಡಬ್ಬಿಯನ್ನು ಎತ್ತಿಕೊಂಡು ಒಳಗೆ ಹೋದಳು. ಸತ್ತೆಪ್ಪ ಅವಳ ಹಿಂದೆ ಹೋದ. ಹೊರಗಿನವರಿಗೆ ಮೊದಲು ಕೇಳಿಸಿದ್ದು ರುಬ್ಬುಗುಂಡಿನ ಸದ್ದು. ಮೂರೋ ನಾಲ್ಕೋ ಏಟಿಗೆ ಡಬ್ಬಿ ಒಡೆಯಿತು.

ಸುಗಂಧಾ ಜಗಲಿಯ ಮುಂದೆ ಕೂತು ಪೈಲವಾನನನ್ನು ಮಡಿಲಲ್ಲಿಟ್ಟುಕೊಂಡು, ತಲೆಯಿಂದ ಪಿನ್ನು ಕಿತ್ತು, ಅವನ ಬಲಹೆಗಲನ್ನು ಕೆರೆಯತೊಡಗಿದಳು. ಎತ್ತಿನ ಬಣ್ಣ ಚೂರುಚೂರಾಗಿ ಸೀರೆಯ ಮೇಲೆ ಬಿತ್ತು. ಅದರ ಕೆಳಗಿನ ಲಪ್ಪ ಗಟ್ಟಿಯಾಗಿತ್ತು.

"ಬಿಡ ಸುಗಂಧಾ," ಎಂದ ಸತ್ತೆಪ್ಪ.

"ಕೆಳಗ ಇರತಾವ್ರಿ. ತುಂಬೀರಿ ಅಂದ್ರ ಕೆಳಗ ಇರಾಕಬೇಕಲ್ಲ."

"ಇಲ್ಲ. ತುಂಬೂಕಿಂತ ಮದ್ಲ ತಿಕ್ಕಿ ತಗದೀನಿ."

ಅವಳು ಕೇಳಿಸಿಕೊಳ್ಳಲಿಲ್ಲ. ಪಿನ್ನು ಬಗ್ಗಿತು, ಇನ್ನೊಂದು ಕಿತ್ತಳು. ಲಪ್ಪ ಒಂದು ಹೆಕ್ಕಳಿಕೆಯಾಗಿ ಎದ್ದು ಬಂತು. ಕೆಳಗೆ ನುಣುಪಾದ ಪ್ಲಾಸ್ಟಿಕ್ಕು. ಅವಳು ಹೆಬ್ಬೆರಳಿನಿಂದ ಒಮ್ಮೆ ಸವರಿದಳು, ಪೈಲವಾನನನ್ನು ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ಸವರಿದಳು. ಆಮೇಲೆ ಅವಳ ಕೈ ಮಡಿಲಲ್ಲಿ ಬಿತ್ತು.

"ಯಾಕ ತಿಕ್ಕಿದ್ರಿ?"

"ಹತ್ತಕ್ಕ ಹತ್ತ ಬರ್ಲಿ ಅಂತ."

"ಈ ಗೊಂಬಿಗೇ?"

ಸತ್ತೆಪ್ಪ ಗೋಡೆಗೆ ಆತು ಕೆಳಗೆ ಕೂತ. ಕನ್ನಡಕ ತೆಗೆದು ನೆಲದ ಮೇಲಿಟ್ಟ.

"ಮಾಯಾಗ," ಎಂದ. "ಸಾಲ್ಯಾಗ ಒಂದ ಪರೀಕ್ಷಾನೂ ಬರೀಲಿಲ್ಲ ಆಕಿ. ಅದರೊಳಗ ಹೋಗಿಬಿಟ್ಲು. ಊರ ಮಂದಿ ಎಮ್ಮಿಗೆಲ್ಲಾ ನಾ ಅಂಕಾ ಹಾಕೀನಿ. ನನ್ನ ಮಗಳ ಹೆಸರೀಲೆ ಒಂದ ಅಂಕಾ ಇಲ್ಲ. ಒಂದರ ಇರ್ಲಿ, ಎಲ್ಲಾರ ಮುಂದ ಕೂಗಿ ಹೇಳೂಣು ಅಂತ…"

ಆ ಐವತ್ತು ದಾಟಿದ ಗಂಡಸು, ಊರಿಗೆಲ್ಲ ಫ್ಯಾಟು ಕೂಗುವ ಗಂಟಲಿನಿಂದ, ಸಣ್ಣ ಹುಡುಗರ ಹಾಗೆ ಅತ್ತ. ಸುಗಂಧಾ ಅವನು ಅಳುವುದನ್ನು ನೋಡುತ್ತ ಕೂತಳು. ಮಗಳು ಹೋದ ದಿನವೂ ಅವನು ಅತ್ತಿರಲಿಲ್ಲ, ಅವಳೊಬ್ಬಳೇ ಅತ್ತಿದ್ದಳು. ಬಹಳ ಹೊತ್ತಿನ ಮೇಲೆ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹತ್ತಕ್ಕ ಹತ್ತ ತಗೋತಿದ್ದಿಲ್ರಿ ಆಕಿ."

"ಯಾಕ?"

"ಲೆಕ್ಕಾನ ಬರತಿದ್ದಿಲ್ಲಲ್ಲ. ಏಳಾದ ಮ್ಯಾಲ ಒಂಬತ್ತ ಅಂತಿದ್ಲು."

ಸತ್ತೆಪ್ಪ ತಲೆ ಎತ್ತಿದ. "ಎಂಟ ಗೊತ್ತಿತ್ತ ಆಕಿಗಿ."

"ಗೊತ್ತಿದ್ದಿಲ್ರಿ. ಕೋಲ ಹಿಡದ ಕುಂಡ್ರಿಸೀನಿ ನಾ. ಏಳು, ಒಂಬತ್ತು. ಮತ್ತ ಏಳು, ಒಂಬತ್ತು."

"ಗೊತ್ತಿತ್ತ! ರೊಟ್ಟಿ ಎಣಸುವಾಗ ಬರೋಬ್ಬರಿ ಹೇಳತಿದ್ಲು. ನೀ ಕೋಲ ಹಿಡದ್ಯಂದ್ರಷ್ಟ ಬಿಡತಿದ್ಲು, ನಿನ್ನ ಸಿಟ್ಟಿಗೇಳಸಾಕ."

"ನೀವ ಯಾವಾಗ ಕೇಳೀರಿ? ನೀವು ಮೂರೂ ಹೊತ್ತ ಡೇರಿಯೊಳಗ ಇರತಿದ್ರಿ."

"ಡೇರಿಯೊಳಗ ಕುಂತ ಕೇಳತಿದ್ನಿ! ಮಾಯಾ ಆಡಿದ ಒಂದ ಮಾತ ಬಿಟ್ಟಿಲ್ಲ ನಾ."

"ಸುಳ್ಳ ಹೇಳಬ್ಯಾಡ್ರಿ!"

"ಯಾಕ ಸುಳ್ಳ ಹೇಳ್ಲಿ? ಮಾಯಾಗ ಎಂಟ ಬರತಿತ್ತು!"

ಹೊರಗೆ ಡೇರಿಯ ಮುಂದೆ ಯಾರೂ ಮನೆಗೆ ಹೋಗಿರಲಿಲ್ಲ. ಸಂಜೆಯ ಹಾಲು ಕ್ಯಾನುಗಳಲ್ಲೇ ಇತ್ತು. ಒಳಗಿನಿಂದ ಸತ್ತೆಪ್ಪನ ದನಿಯಲ್ಲಿ ಆ ಹೆಸರು ಮತ್ತೆ ಮತ್ತೆ ಬರುವುದನ್ನು ಎಲ್ಲರೂ ತಲೆ ತಗ್ಗಿಸಿ ಕೇಳುತ್ತಿದ್ದರು. ಸಂಭಾಜಿಯವರು ಗಡಿಯಾರ ನೋಡಿಕೊಂಡು, ಹಾಲಿನ ಗಾಡಿ ಬರುವ ಹೊತ್ತಾಯಿತು, ಇಷ್ಟು ಶೆಕೆಯಲ್ಲಿ ಹಾಲು ಕೆಟ್ಟು ಹೋದೀತು, ಯಾರಾದರೂ ಸತ್ತೆಪ್ಪನನ್ನು ಕರೆಯಿರಿ ಎಂದು ಮೆಲ್ಲಗೆ ಹೇಳಿದರು.

ಭರಮು ಎದ್ದು ಹೋಗಿ, ನಡುಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಕೆಡ್ಲಿ ಬಿಡ್ರಿ," ಎಂದ.